ಮಣಿಕಟ್ಟಿನಿಂದ ಮೂರು ಬೆರಳು

"ಇದ ಕಡೀದು. ಇನ್ನ ನಾ ಬರೂದಿಲ್ಲ," ಎಂದಳು ವೀರವ್ವ, ಪ್ಲಾಸ್ಟಿಕ್ ಚೀಲದ ಬಾಯಿಗೆ ಗಂಟು ಹಾಕುತ್ತ.

ಬಸ್ಸು ಶಿಗ್ಗಾಂವದಲ್ಲಿ ನಿಂತಿತ್ತು. ಶ್ವೇತಾ ಇಳಿದು, ಅವ್ವನ ಚೀಲವನ್ನು ಕಸದ ಡಬ್ಬಿಗೆ ಹಾಕಿ, ಬಾಟಲಿಗೆ ನೀರು ಹಿಡಿದು ಬಂದಳು. ಬೆಳಿಗ್ಗೆಯಿಂದ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವ್ವನ ನರದೊಳಗೆ ಹನಿಹನಿಯಾಗಿ ಇಳಿದ ಔಷಧ ಎದೆಯೊಳಗಿನ ಗಡ್ಡೆಗೆ. ಆದರೆ ಮೊದಲು ಹಿಡಿಯುತ್ತಿದ್ದುದು ಹೊಟ್ಟೆಯನ್ನು. ವಾಂತಿಗೆಂದು ಕೊಟ್ಟ ಮಾತ್ರೆಯೂ ಇವತ್ತು ಸಾಲಲಿಲ್ಲ. ಹಂಸಭಾವಿ ಇನ್ನೂ ದೂರ.

"ಅರ್ಧಕ್ಕ ಬಿಟ್ರ ಗಡ್ಡಿ ಮತ್ತ ಬೆಳೀತೈತಂತವ್ವಾ. ಡಾಕ್ಟರ ಹೇಳ್ಯಾರ."

"ಆ ಡಾಕ್ಟರನ್ನ ಈ ಬಸ್ಸಿನ್ಯಾಗ ಕುಂದ್ರಸು. ಮಂದಿ ಮೂಗ ಮುಚ್ಕೋತಾರ, ನಾ ಸೆರಗಿನ್ಯಾಗ ಮುಖಾ ಮುಚ್ಕೋತೇನಿ. ಸಾಕಾತು. ನಿಮ್ಮಪ್ಪಗ ನೀನ ಹೇಳು."

ಶ್ವೇತಾಳಿಗೆ ವಾದ ಮಾಡಲು ಬರುತ್ತಿರಲಿಲ್ಲ. ಹೇಳಬೇಕಾದ ಮಾತು ಆಮೇಲೆ ಒಬ್ಬಳೇ ಇದ್ದಾಗ ನೆನಪಾಗುವ ಜಾತಿ ಅವಳದು. ಅವ್ವನ ಕೈ ತನ್ನ ತೊಡೆಯ ಮೇಲೆಳೆದುಕೊಂಡಳು.

ವಾರ್ಡಿನ ನರ್ಸ್ ತೋರಿಸಿದ್ದಳು: ಮಾತ್ರೆಯ ಜೊತೆಗೆ ಇದನ್ನೂ ಮಾಡಿ ನೋಡಿ, ಕೆಲವರಿಗೆ ಹಗುರಾಗುತ್ತದೆ. ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು, ಅದೂ ಬೇನೆ ಇದ್ದವರದೇ ಬೆರಳು; ಅಲ್ಲಿ ಎರಡು ನರಗಳ ನಡುವೆ ಹೆಬ್ಬೆರಳಿಂದ ಒತ್ತಬೇಕು. ಆದರೆ ಸರಿಯಾಗಿ ಆ ಜಾಗದ ಮೇಲೆಯೇ ಅವ್ವನ ಹಸಿರು ಬಳೆ. ಪ್ರತಿ ಸಲವೂ ಶ್ವೇತಾ ಬಳೆ ತಪ್ಪಿಸಿ ಇನ್ನೂ ಮೇಲೆ, ಮೊಣಕೈ ಕಡೆಗೆ ಒತ್ತುತ್ತ ಬಂದಿದ್ದಳು.

"ಏನ್ ಹುಡುಗಿ, ಅವ್ವನ ನಾಡಿ ನೋಡಾಕತ್ತೀಯೇನ? ಡಾಕ್ಟರಬಾಯಿ?" ಪಕ್ಕದ ಸೀಟಿನ ಹೆಂಗಸು, ಬಂಕಾಪುರದ ರೋಶನಬಿ, ಬಗ್ಗಿ ಕೇಳಿದಳು.

"ಅಲ್ರಿ... ಬಿ.ಎ. ಆಗೇತ್ರಿ. ಇದು ಚೀನಾದವರ ವೈದ್ಯ ಅಂತ್ರಿ, ನರ್ಸಬಾಯಿ ತೋರ್ಸ್ಯಾರ."

"ಮೊಬೈಲ ಅವರದ, ಈಗ ಔಷಧನೂ ಅವರದ?" ರೋಶನಬಿ ನಕ್ಕಳು. ವೀರವ್ವನ ತುಟಿಯೂ ಒಂದಿಷ್ಟು ಅಲುಗಿತು.

"ಅವ್ವಾ, ಈ ಬಳಿ ಒಂದೀಟ ತಗೀಲೇನ?"

"ಬರೇ ಕೈಲೆ ನಿಮ್ಮಪ್ಪನ ಮುಂದ ಹೋಗ್ಲೇನ? ಗಟ್ಟಿ ಕುಂತಾನ ಅಂವ. ಸುಮ್ಮನಿರು."

ಬಂಕಾಪುರದಲ್ಲಿ ರೋಶನಬಿ ಇಳಿದುಹೋದಳು. ಮುಂದೆ ರಸ್ತೆಯ ಉಬ್ಬಿನ ಮೇಲೆ ಬಸ್ಸು ಎಗರಿದಾಗ ವೀರವ್ವನ ಹೊಟ್ಟೆ ಮತ್ತೆ ತೊಳಸಿತು. ಕಂಡಕ್ಟರ್ ತಿರುಗಿ ನೋಡಿದ. ಅವಳು ಕಣ್ಣು ಮುಚ್ಚಿ ಉಗುಳು ನುಂಗಿದಳು. ಆಮೇಲೆ ಏನನಿಸಿತೋ, ತಾನೇ ಬೆರಳು ಮಡಚಿ, ಆ ಕೈಯ ಬಳೆಗಳನ್ನು ಕೆಳಗೆ ಜಗ್ಗಿದಳು.

ಅವು ಒಮ್ಮೆಲೇ ಬಂದುಬಿಟ್ಟವು. ಪಂಚಮಿಗೆ ಬಳೆಗಾರ ಸಾಬೂನು ಸವರಿ, ಗೆಣ್ಣು ಕೆಂಪಾಗುವಂತೆ ತುರುಕಿದ ಬಳೆ. ಇಬ್ಬರೂ ಆ ಕೈಯನ್ನು ನೋಡಿದರು.

ವೀರವ್ವ ಒಂದು ಬಳೆಯನ್ನು ತಿರುಗಿ ಕೈಗೆ ಹಾಕಿಕೊಂಡು ಮೇಲಕ್ಕೆ ಸರಿಸಿದಳು. "ಉಳದದ್ದ ನೀ ಹಾಕ್ಕೋ. ಚೀಲದಾಗಿಟ್ರ ಒಡೀತಾವು."

ಶ್ವೇತಾಳ ಗೆಣ್ಣಿನಲ್ಲಿ ಬಳೆ ಸಿಕ್ಕಿಕೊಂಡವು. ಹಲ್ಲು ಕಚ್ಚಿ ಒತ್ತಿ ಏರಿಸಿದಳು.

ವೀರವ್ವ ಬಳೆಯಿದ್ದ ಜಾಗದ ಬೆಳ್ಳಗಿನ ಚರ್ಮದ ಮೇಲೆ ತನ್ನವೇ ಮೂರು ಬೆರಳು ಇಟ್ಟಳು. "ಇಲ್ಲೇನ?" ಆ ಬೆರಳಂಚಿಗೆ ಶ್ವೇತಾ ಹೆಬ್ಬೆರಳು ಊರಿದಳು.

ಹಾವೇರಿ ಹೋಯಿತು. ನಡುವೆ ಒಮ್ಮೆ ಓಕರಿಕೆ ಬಂದು ವೀರವ್ವ ಇನ್ನೊಂದು ಪ್ಲಾಸ್ಟಿಕ್ ಚೀಲ ಬಾಯಿಗೆ ಹಿಡಿದಳು, ನೀರಷ್ಟೇ ಬಂತು.

"ಹಗರ ಆತೇನವ್ವಾ?"

"ಏನೋ, ತಿಳೀವಲ್ದು. ಬೆರಳ ತಗೀಬ್ಯಾಡ." ಸೀಟಿಗೆ ಒರಗಿ, ಕಣ್ಣು ಮುಚ್ಚಿಕೊಂಡೇ ಅಂದಳು: "ಮುಂದಿನ ಸಲ ಗಾಲಿ ಮ್ಯಾಲಿನ ಸೀಟ ಹಿಡೀಬ್ಯಾಡ. ಭಾಳ ಕುಲುಕತೈತಿ."

"ಹೂಂ," ಎಂದಳು ಶ್ವೇತಾ.

ಅವ್ವನ ತಲೆ ಅವಳ ಹೆಗಲಿಗೆ ಬಂತು. ಹೆಬ್ಬೆರಳು ಜೋಮು ಹಿಡಿದಿತ್ತು. ಗುಂಡಿ ಬಂದಾಗೆಲ್ಲ ಶ್ವೇತಾಳ ಕೈಯ ಬಳೆಗಳು ಗಲ್ಲೆನ್ನುತ್ತಿದ್ದವು. ಅವ್ವನ ನಿದ್ದೆ ಕೆಡದಂತೆ ಇನ್ನೊಂದು ಕೈಯಿಂದ ಅವನ್ನು ಅದುಮಿ ಹಿಡಿದು ಕುಳಿತಳು.