ಹಡಗು ಹತ್ತದ ವೈನ್

ನಮ್ಮ ಮನೆಯಲ್ಲಿ ಗಂಡ ಹೆಂಡತಿ ಭೇಟಿಯಾಗುವುದು ಹೊಸಿಲಲ್ಲಿ. ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ನಾನು ಚಪ್ಪಲಿ ಬಿಡುವ ಹೊತ್ತಿಗೆ ಇವರು ಜ್ಯೂಸ್ ಕಾರ್ಖಾನೆಗೆ ಹೊರಟು ಚಪ್ಪಲಿ ಮೆಟ್ಟುತ್ತಿರುತ್ತಾರೆ. ಅಷ್ಟರಲ್ಲೇ ಸಂಸಾರ ಕೈ ಬದಲಾಗಬೇಕು. ಮಗಳು ಪುಟ್ಟಿಗೆ ಕೆಮ್ಮು, ಬಚ್ಚಲ ನಲ್ಲಿ ಸೋರುತ್ತಿದೆ, ಹಾಲು ಉಕ್ಕಿದೆ, ಒಲೆ ಒರೆಸಿಲ್ಲ. ಸಂಜೆ ಅದೇ ನಾಟಕ, ಪಾತ್ರ ಮಾತ್ರ ಅದಲು ಬದಲು. ವಾರದ ರಜೆಯಾದರೂ ಒಂದೇ ದಿನ ಬರಬಾರದೇ? ಅದಕ್ಕೂ ನಮ್ಮ ಮೇಲೆ ಹೊಟ್ಟೆಕಿಚ್ಚು.

ಮದುವೆಯಲ್ಲಿ ನನ್ನ ಚಿಕ್ಕಮ್ಮ ಒಂದು ಬಾಟಲಿ ಕೆಂಪು ವೈನ್ ಕೊಟ್ಟಿದ್ದಳು. ಬಿಡುವಾಗಿ ಇಬ್ಬರೇ ಕೂತ ದಿನ ತೆಗೀರಿ ಅಂದಿದ್ದಳು. ಪುಣ್ಯಾತ್ಗಿತ್ತಿ, ಅಂಥ ದಿನ ಎಲ್ಲಿ ಸಿಗುತ್ತದೆ ಅಂತ ಹೇಳಲಿಲ್ಲ. ಬಾಟಲಿ ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಒಲೆಯ ನೇರಕ್ಕೆ ಕೂತುಬಿಟ್ಟಿತು. ಮನೆ ಬದಲಾಯಿಸಿದಾಗಲೆಲ್ಲ ನನ್ನ ತೊಡೆಯ ಮೇಲೇ ಬಂತು. ಮನೆಗೆ ಬಂದವರು ಯಾರಾದರೂ ಅದರ ಕಡೆ ಕಣ್ಣು ಹಾಯಿಸಿದರೆ ನಾನು ಮಾತು ಬದಲಿಸುತ್ತಿದ್ದೆ. ಕುಡಿಯುವ ಚಪಲವಲ್ಲ. ವೈನ್ ಹೇಗಿರುತ್ತದೆ ಅಂತಲೇ ನನಗೆ ಗೊತ್ತಿಲ್ಲ. ಅದನ್ನು ತೆಗೆಯುವ ಸಂಜೆ ಒಂದು ಬರಬೇಕು, ಅಷ್ಟೇ ನನ್ನ ಆಸೆ.

ಆ ಸಂಜೆ ಕಾರ್ಖಾನೆಯಿಂದಲೇ ಬಂತು. ವರ್ಷಗಟ್ಟಲೆ ಒಂದೂ ಹೆಚ್ಚಿನ ರಜೆ ಹಾಕದೆ ದುಡಿದವರಿಗೆ ಅಂತ ಕುಟುಂಬ ಸಮೇತ ಕ್ರೂಸ್ ಹಡಗಿನಲ್ಲಿ ಸಣ್ಣದೊಂದು ಪ್ರವಾಸ ಕೊಟ್ಟರು. ರಜೆ ಹಾಕದ್ದಕ್ಕೆ ರಜೆ. ನಾನೂ ಮೇಲ್ವಿಚಾರಕಿಯ ಕೈಕಾಲು ಹಿಡಿದು ಆ ದಿನಗಳನ್ನು ಬಿಡಿಸಿಕೊಂಡೆ.

ಹಡಗಿನವರ ಸೂಚನೆಗಳು ನನ್ನ ಫೋನಿಗೆ ಬಂದಿದ್ದವು. ದೊಡ್ಡವರು ತಲೆಗೊಂದು ಬಾಟಲಿ ವೈನ್ ಕೈಚೀಲದಲ್ಲಿ ತರಬಹುದು, ಬಿರಡೆ ಬಿಚ್ಚಿರಬಾರದು ಅಂತ ಅದರಲ್ಲಿತ್ತು. ಚಾದರ ಮಡಚುತ್ತಾ ಓದಿ, ಸದ್ಯ, ಹಲಗೆಯಿಂದ ಇಳಿಸಿದರಾಯಿತು ಅಂದುಕೊಂಡೆ. ಇವರಿಗೆ ಹೇಳೋಣವೆಂದರೆ ಅವತ್ತು ಪುಟ್ಟಿಗೆ ಜ್ವರ. ಹೊಸಿಲಲ್ಲಿ ಜ್ವರದ ಮಾತೇ ಆಯಿತು. ಆಮೇಲೆ ಮರೆತೆ ಅಂತಲ್ಲ, ಹೇಳಿದ್ದೇನೆ ಅಂದುಕೊಂಡೆ. ನಿದ್ದೆಗೆಟ್ಟ ತಲೆಗೆ ಅಂದುಕೊಂಡದ್ದೂ ಆಡಿದ್ದೂ ಒಂದೇ.

ಹೊರಡುವ ದಿನ ಹಲಗೆ ಖಾಲಿಯಿತ್ತು. ಇವರ ಚೀಲದಲ್ಲಿ ಗಾಜು ಕಿಣಿ ಕಿಣಿ ಎನ್ನುತ್ತಿತ್ತು. ನಾನು ಹೇಳಿದ್ದು ಕಿವಿಗೆ ಬಿದ್ದಿದೆಯಲ್ಲ ಅಂತ ಸಮಾಧಾನಪಟ್ಟೆ.

ಬಂದರಿನ ತಪಾಸಣೆಯ ಕೋಣೆಯಲ್ಲಿ ಸಾಲು ಹನುಮಂತನ ಬಾಲ. ಚೀಲಗಳನ್ನು ಬಿಚ್ಚಿ ನೋಡುತ್ತಿದ್ದ ಹೆಂಗಸಿನ ಕಣ್ಣ ಕೆಳಗೆ ನನ್ನದೇ ಥರದ ಕಪ್ಪು. ಮೇಜಿನಡಿ ಬೂಟಿನಿಂದ ಹಿಮ್ಮಡಿ ಹೊರಗೆ ಎಳೆದುಕೊಂಡು ನಿಂತಿದ್ದಳು. ನಮ್ಮ ಮುಂದಿದ್ದ ಅಜ್ಜ ಅಜ್ಜಿ ಆಳಿಗೊಂದು ವೈನ್ ಬಾಟಲಿ ತೋರಿಸಿದರು. ಅವಳು ಬಿರಡೆ ನೋಡಿ ಚೀಟಿ ಅಂಟಿಸಿ ಒಳಗೆ ಬಿಟ್ಟಳು. ನಮ್ಮದನ್ನೂ ಹೊರಗೆ ತೆಗೀರಿ ಅಂತ ಇವರ ಪಕ್ಕೆಗೆ ತಿವಿದೆ. ಇವರು ಆ ಅಜ್ಜನನ್ನೇ ನೋಡುತ್ತಿದ್ದರು. ಮುಖ ಒಗೆದು ಹಿಂಡಿದ ಬಟ್ಟೆಯ ಹಾಗೆ ಆಗಿತ್ತು.

ಚೀಲದಿಂದ ಹೊರಬಂದದ್ದು ಇವರ ಕಾರ್ಖಾನೆಯ ದ್ರಾಕ್ಷಿ ಜ್ಯೂಸಿನ ಪುಟ್ಟ ಬಾಟಲಿಗಳು. ನನಗೆ ಉರಿಯಿತು. ವೈನನ್ನು ಎಲ್ಲೋ ಬಿಟ್ಟು, ದಿನಾ ನೋಡುವ ಜ್ಯೂಸನ್ನು ಹೊತ್ತು ತಂದಿದ್ದಾರಲ್ಲ ಈ ಮಹಾನುಭಾವರು.

ವೈನ್ ಬಿಟ್ಟರೆ ಜ್ಯೂಸು, ನೀರು ಏನೇ ಇರಲಿ, ಬಾಟಲಿಯಲ್ಲಿ ತರುವ ಹಾಗಿಲ್ಲ, ಅದರೊಳಗೆ ಜನ ಏನೇನೋ ತುಂಬಿಸಿಕೊಂಡು ಬರುತ್ತಾರೆ ಎಂದಳು ಆಕೆ. ಬಾಟಲಿ ಹೊರಳಿಸಿ ಮುಚ್ಚಳ ನೋಡಿದಳು. ಕಾರ್ಖಾನೆಯ ಸೀಲ್ ಭದ್ರವಾಗಿತ್ತು. ಕಸದ ಡಬ್ಬಿಯ ಕಡೆ ಚಾಚಿದ ಕೈ ಪುಟ್ಟಿಯನ್ನು ಕಂಡು ನಿಂತಿತು. ಪಾಪ, ಮಗು ಬಾಯಾರಿದೆ, ಒಂದನ್ನು ಇಲ್ಲೇ ಕುಡಿದುಬಿಡಲಿ ಅಂತ ತಾನೇ ಸೀಲ್ ಮುರಿದು ಅವಳ ಕೈಗಿಟ್ಟಳು.

ಪುಟ್ಟಿ ಬಾಟಲಿ ಎತ್ತುವಷ್ಟರಲ್ಲಿ ಇವರು ಅದನ್ನು ಕಸಿದುಕೊಂಡರು. ಮಗಳು ಬಿಡಲಿಲ್ಲ, ಎಳೆದಳು. ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು.

"ಬೇಡ ಪುಟ್ಟಿ. ಅದು ಜ್ಯೂಸ್ ಅಲ್ಲ," ಎಂದರು ಇವರು. ಆಮೇಲೆ ಆ ಹೆಂಗಸಿನ ಕಡೆ ತಿರುಗಿ, "ವೈನು," ಎಂದರು.

ನಡೆದದ್ದು ಇಷ್ಟು. ಇವರ ಜೊತೆ ಕೆಲಸ ಮಾಡುವವನೊಬ್ಬನಿದ್ದಾನೆ, ಎಲ್ಲರೂ ಅವನನ್ನು ಎಲ್ಲಬಲ್ಲ ಅಂತಲೇ ಕರೆಯುವುದು. ಹೊರಗಿನ ವೈನ್ ಹಡಗಿಗೆ ಬಿಡುವುದೇ ಇಲ್ಲ, ಬಾಗಿಲಲ್ಲೇ ಸುರಿಯುತ್ತಾರೆ ಎಂದು ಅವನು ಹೆದರಿಸಿದ್ದ. ಇವರ ಕೆಲಸವೇ ಬಾಟಲಿಗೆ ಮುಚ್ಚಳ ಕೂರಿಸುವ ಯಂತ್ರ ನಡೆಸುವುದು. ಪಾಳಿ ಮುಗಿದ ಮೇಲೆ ಚಿಕ್ಕಮ್ಮನ ವೈನನ್ನು ಜ್ಯೂಸ್ ಬಾಟಲಿಗಳಿಗೆ ಹಂಚಿ, ಯಂತ್ರಕ್ಕೆ ಕೊಟ್ಟು, ಸೀಲ್ ಹೊಡೆಸಿದ್ದಾರೆ. ನನಗೆ ಹೇಳಿದ್ದೇನೆ ಅಂದುಕೊಂಡಿದ್ದರಂತೆ ಅವರೂ.

ಆಕೆ ಮೂಸಿ ನೋಡಿ, ಒಳಗಿನಿಂದ ಮೇಲಧಿಕಾರಿಯನ್ನು ಕರೆದಳು. ಆತ ಬಂದು, ಕದ್ದು ಸಾಗಿಸುವವರನ್ನು ಹತ್ತಿಸಿಕೊಳ್ಳುವುದಿಲ್ಲ, ವಾಪಸ್ ಹೋಗಬೇಕಾಗುತ್ತದೆ ಎಂದ. ನಮಗೆ ತರುವ ಹಕ್ಕೇ ಇತ್ತಲ್ಲ ಸ್ವಾಮಿ, ತಲೆಗೊಂದು ಬಾಟಲಿ ಅಂತ ನೀವೇ ಕಳಿಸಿದ್ದಿರಿ ಎಂದು ಗೋಗರೆದೆ. ಅದಕ್ಕೆ ಇವರು ನನ್ನ ಕಡೆ ತಿರುಗಿದರು.

"ನಿಂಗೆ ಮೊದಲೇ ಗೊತ್ತಿತ್ತಾ?"

"ಹೇಳಿದ್ನಲ್ಲ."

"ಯಾವಾಗ ಹೇಳ್ದೆ?"

"ಬಾಗಿಲಲ್ಲಿ. ನೀವು ಹೊರಟಿದ್ರಿ."

"ಬಾಗಿಲಲ್ಲಿ ನೀನು ಜ್ವರ ಅಂದೆ ಕಣೇ. ವೈನ್ ಅನ್ನಲಿಲ್ಲ."

ಅಧಿಕಾರಿ ಒಮ್ಮೆ ಇವರನ್ನು, ಒಮ್ಮೆ ನನ್ನನ್ನು ನೋಡಿದ. "ನೀವಿಬ್ಬರೂ ಒಂದೇ ಮನೇಲಿ ಇರೋದು ತಾನೇ?" ಅಂತ ಕೇಳಿದ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಆ ಹೆಂಗಸು ಮಾತ್ರ ನಗಲಿಲ್ಲ. ಬೇರೆ ಬೇರೆ ಪಾಳಿಯಾ ಎಂದು ನನ್ನನ್ನು ಮೆಲ್ಲಗೆ ಕೇಳಿದಳು. ತಲೆಯಾಡಿಸಿದೆ. ಅವಳು ಅಧಿಕಾರಿಯನ್ನು ಪಕ್ಕಕ್ಕೆ ಕರೆದು ಏನೋ ಹೇಳಿದಳು. ಆತ ಗಡಿಯಾರ ನೋಡಿದ, ಬೆಳೆಯುತ್ತಿದ್ದ ಸಾಲು ನೋಡಿದ, ಎಲ್ಲವನ್ನೂ ಚೆಲ್ಲಿ ಒಳಗೆ ಬಿಡಿ ಎಂದು ಕೈಬೀಸಿ ಹೋದ. ಆಕೆ ಬಾಟಲಿಗಳನ್ನು ಒಂದೊಂದಾಗಿ ಮೂಲೆಯ ಸಿಂಕಿಗೆ ಬಗ್ಗಿಸಿದಳು. ಕೆಂಪಗಿರುತ್ತದೆ ಅಂದುಕೊಂಡಿದ್ದೆ. ಇಟ್ಟಿಗೆ ತೊಳೆದ ನೀರಿನಂತಿತ್ತು.

ನಮ್ಮ ಕೋಣೆ ಹಡಗಿನ ಹೊಟ್ಟೆಯಲ್ಲಿ, ಕಿಟಕಿ ಇರಲಿಲ್ಲ. ಅಲ್ಲಿ ನಾವು ಬಹಳ ಹೊತ್ತು ಮುಖ ಊದಿಸಿಕೊಂಡು ಬಟ್ಟೆ ಜೋಡಿಸಿದೆವು. ಜಗಳ ಆಡೋಣವೆಂದರೂ ಅಭ್ಯಾಸ ತಪ್ಪಿಹೋಗಿದೆ. ಜಗಳಕ್ಕೂ ಇಬ್ಬರೂ ಒಂದು ಕಡೆ ಇರಬೇಕಲ್ಲ. ಸಂಜೆ ಪುಟ್ಟಿಯನ್ನು ಮಕ್ಕಳ ಆಟದ ಕೋಣೆಯಲ್ಲಿ ಬಿಟ್ಟು ಹಡಗಿನ ಮೇಲಿನ ತೆರೆದ ಡೆಕ್ಕಿಗೆ ಹೋಗಿ, ಕಂಬಿಯ ಪಕ್ಕದ ಒರಗು ಕುರ್ಚಿಗಳಲ್ಲಿ ಕೂತೆವು. ಬಿಳಿ ಅಂಗಿಯ ಹುಡುಗಿಯೊಬ್ಬಳು ಕುಡಿಯಲು ಏನು ತರಲಿ ಅಂತ ಕೇಳಿದಳು. ಇಬ್ಬರೂ ಒಟ್ಟಿಗೇ ಏನೂ ಬೇಡ ಎಂದೆವು.

ಮೊದಲು ಹೊಸಿಲ ಮಾತುಗಳೇ ಬಂದವು. ನಲ್ಲಿಯ ವಾಷರ್, ಪುಟ್ಟಿಯ ಬೂಟು, ಕೆಳಮನೆಯವರು ಮೆಟ್ಟಿಲಲ್ಲಿಟ್ಟ ಸೈಕಲ್ಲು. ಅವು ಬೇಗ ಮುಗಿದುಹೋದವು. ಆಮೇಲೆ ಏನು ಮಾತಾಡುವುದು ಅಂತ ಇಬ್ಬರಿಗೂ ತೋಚಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರ ಹಾಗೆ ಸಮುದ್ರ ನೋಡಿದೆವು. ಇಷ್ಟು ವರ್ಷ ಕಾದದ್ದು ಇದಕ್ಕಾ ಅನಿಸಿ ನನಗೆ ಅಳು ಬಂತು. ವೈನ್ ಇದ್ದಿದ್ದರೆ ಬಗ್ಗಿಸುವುದು, ಗ್ಲಾಸು ಹಿಡಿಯುವುದು ಅಂತ ಕೈಗಾದರೂ ಕೆಲಸವಿರುತ್ತಿತ್ತು.

ಇವರು ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಒಂದು ಮಾತು. ಬಗ್ಗಿಸುವಾಗ ಒಂಚೂರು ಬೆರಳಿಗೆ ಹತ್ತಿತ್ತು, ನೆಕ್ಕಿ ನೋಡ್ದೆ. ಕೆಟ್ಟು ಹೋಗಿತ್ತು ಕಣೇ. ಬಾಯಿಗೆ ಇಡೋಕಾಗಲ್ಲ, ಅಷ್ಟು ಹುಳಿ."

"ಮತ್ತೆ ಯಾಕೆ ತಂದ್ರಿ?"

"ನೀನು ಅದನ್ನ ಕಾಯ್ತಿದ್ದೆಯಲ್ಲ."

"ನಾನು ವೈನ್ ಕಾಯ್ತಿದ್ದೆ ಅಂತ ಯಾರು ಹೇಳಿದ್ದು ನಿಮಗೆ?"

ಇವರು ಕುರ್ಚಿಯಲ್ಲಿ ನನ್ನ ಕಡೆ ಹೊರಳಿದರು. ಆಮೇಲೆ, ಬಾಯಿಗಿಟ್ಟ ಕೂಡಲೇ ನೀನು ಉಗಿಯುತ್ತಿದ್ದೆ, ಆ ಮುಖ ನೋಡುವ ಭಾಗ್ಯ ತಪ್ಪಿತು ಎಂದರು. ಹುಳಿಗೆ ಮುಖ ಹೇಗೆ ಕಿವುಚುತ್ತಿದ್ದೆ ಅಂತ ಮಾಡಿ ತೋರಿಸಿದರು. ನಾನು ಯಾವತ್ತೂ ಹಾಗೆ ಮಾಡುವುದಿಲ್ಲ ಎಂದೆ. ಮಾಡ್ತೀಯ, ಮದುವೆಗೆ ಮುಂಚೆ ಒಂದು ಸಲ ಹುಳಿ ಕಿತ್ತಳೆ ಕೊಟ್ಟಾಗ ಹೀಗೇ ಮಾಡಿದ್ದೆ ಅಂದರು. ನನಗದು ನೆನಪೇ ಇರಲಿಲ್ಲ. ಕಿತ್ತಳೆಯಿಂದ ಮಾತು ಎಲ್ಲೆಲ್ಲಿಗೋ ಹೋಯಿತು. ನಡುವೆ ಇವರ ರೆಪ್ಪೆ ಇಳಿದಾಗ ಕಾಲಿನಿಂದ ಒದ್ದೆ. ಎಚ್ಚರ ಇದ್ದೀನಿ ಮಾರಾಯ್ತಿ, ಮುಂದೆ ಹೇಳು ಅಂದರು.

ಬೆಳಕು ಕುಂದುವ ಹೊತ್ತಿಗೆ ಆಟದ ಕೋಣೆಯವಳು ಪುಟ್ಟಿಯನ್ನು ಕರೆತಂದು ಬಿಟ್ಟಳು. ಮಗಳು ತುದಿಗಾಲಲ್ಲಿ ಬಂದು ನನ್ನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು, ಅಲ್ಲಿ ಚೆಂಡು ತುಂಬಿದ ಕೊಳ ಇದೆಯಂತೆ. ನಮ್ಮ ಮನೆಯಲ್ಲಿ ಯಾವ ಹೊತ್ತಿಗೂ ಒಬ್ಬರು ಮಲಗಿರುತ್ತಾರೆ. ಅವಳಿಗೆ ಮಾತೆಂದರೆ ಪಿಸುಮಾತೇ.

"ಜೋರಾಗಿ ಹೇಳು ಪುಟ್ಟಿ. ಯಾರೂ ಮಲಗಿಲ್ಲ."

ಅವಳು ನಂಬದೆ ಅಪ್ಪನ ಮುಖಕ್ಕೆ ಬಗ್ಗಿ ನೋಡಿದಳು. ಇವರು ಕಣ್ಣು ಅರಳಿಸಿ ತೋರಿಸಿದರು.

"ಹಾಗಾದ್ರೆ ಇವತ್ತು ಯಾರು ಕೆಲಸಕ್ಕೆ ಹೋಗೋದು?" ಎಂದಳು, ಈಗಲೂ ಮೆಲ್ಲಗೇ.

"ಯಾರೂ ಇಲ್ಲ," ಎಂದರು ಇವರು.

ನಾನು ಕುರ್ಚಿಯಲ್ಲಿ ಸರಿದು ಅವಳಿಗೆ ಜಾಗ ಮಾಡಿಕೊಟ್ಟೆ.