ಎಂಬತ್ತೈದನೆಯ ಪುಟ

ಎಂಬತ್ತೈದನೆಯ ಪುಟ ಅರ್ಧ ನಿಮಿಷಕ್ಕೇ ಮುಗಿದುಹೋಯಿತು.

ಆಪರೇಟರಕ್ಕ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು ಮತ್ತೊಮ್ಮೆ ಕೇಳಿದಳು. ಇಪ್ಪತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು, ಮೂರು ಮೂರು ನಿಮಿಷಕ್ಕೆ ಊರವರ ಮಾತು ಕತ್ತರಿಸಿದವಳು. ಗಡಿಯಾರ ಅವಳ ಮೈಯೊಳಗೇ ಇತ್ತು. ನಿವೃತ್ತಿಯಾದ ಮೇಲೆ ಅಂಧರ ಗ್ರಂಥಾಲಯದಲ್ಲಿ ಈ ಸೇವೆ ಹಿಡಿದಿದ್ದಳು. ಕಣ್ಣಿದ್ದವರು ಓದಿ ರೆಕಾರ್ಡ್ ಮಾಡಿದ ಪುಸ್ತಕವನ್ನು, ಅದು ಹೊರಗೆ ಹೋಗುವ ಮುಂಚೆ, ಕಣ್ಣಿಲ್ಲದ ಇವಳು ಪೂರ್ತಿ ಕೇಳಿ ತಪ್ಪು ಹುಡುಕಬೇಕು.

ಈ ಕಾದಂಬರಿ ಓದಿದವಳು ಹೊಲಿಗೆ ಟೀಚರ್. ಪುಟಕ್ಕೆ ಎರಡೂವರೆ ನಿಮಿಷ, ಟೇಪು ಹಿಡಿದು ಅಳೆದ ಹಾಗೆ. ಆದರೆ ಇಲ್ಲಿ ಮಾತ್ರ "ಎಂಬತ್ತೈದು" ಎಂದು ನಿಯಮದಂತೆ ಪುಟಸಂಖ್ಯೆ ಹೇಳಿ, ನಾಲ್ಕು ವಾಕ್ಯ ಓದಿ, ಒಮ್ಮೆ ಕೆಮ್ಮಿ, "ಎಂಬತ್ತಾರು" ಅಂದುಬಿಟ್ಟಿದ್ದಳು.

"ಟೀಚರ್, ಎಂಬತ್ತೈದರಲ್ಲಿ ಚಿತ್ರಗಿತ್ರ ಇದೆಯಾ?"

"ಇಲ್ವಲ್ಲ ಅಕ್ಕಾ. ಚಿಕ್ಕ ಪುಟ, ಅರ್ಧಕ್ಕೇ ನಿಂತಿದೆ."

"ಅಧ್ಯಾಯದ ನಡುವೇನಾ?"

"ಕೆಲವು ಪುಸ್ತಕ ಹಾಗಿರುತ್ತೆ," ಎಂದಳು ಟೀಚರ್. ಅವಳ ಕುರ್ಚಿ ಕಿರುಗುಟ್ಟಿತು. ಸತ್ಯ ಹೇಳುವವರು ಯಾಕೆ ಕುರ್ಚಿಯಲ್ಲಿ ಮಿಸುಕಾಡಬೇಕು?

ಸೋಮಾರಿತನ ಎಂದುಕೊಳ್ಳೋಣವೆಂದರೆ, ಮುನ್ನೂರು ಪುಟದಲ್ಲಿ ಒಂದೇ ಪುಟ ಕದಿಯುವ ಸೋಮಾರಿ ಎಲ್ಲಿದ್ದಾಳೆ? ಆಪರೇಟರಕ್ಕ ಪುಸ್ತಕವನ್ನು ಕೇಳಿ ಪಡೆದು ಚೀಲಕ್ಕೆ ಹಾಕಿಕೊಂಡಳು.

ಮನೆಯಲ್ಲಿ ಇದ್ದದ್ದು ಇಬ್ಬರೇ, ಅವಳು ಮತ್ತು ಅಣ್ಣನ ಹೆಂಡತಿ. ಅಣ್ಣ ಹೋಗಿ ಆರು ವರ್ಷ. ಅವನ ಕಾಯಿಲೆಯ ರಿಪೋರ್ಟು ಬಂದ ದಿನ ಅತ್ತಿಗೆ ಅದನ್ನು ಓದಿ, "ಗಾಬರಿಯಾಗುವಂಥದ್ದೇನಿಲ್ಲ" ಎಂದಿದ್ದಳು. ಎರಡೇ ತಿಂಗಳಿಗೆ ಅವನಿರಲಿಲ್ಲ. ತಂಗಿಗೆ ಅವನ ಹತ್ತಿರ ಹೇಳಬೇಕಾದ ಮಾತು ಹೊಟ್ಟೆಯಲ್ಲೇ ಉಳಿಯಿತು. ಅವತ್ತಿನಿಂದ ಯಾರು ಏನು ಓದಿ ಹೇಳಿದರೂ, ಹೇಳದೆ ಬಿಟ್ಟದ್ದು ಎಷ್ಟು ಎಂದು ಅವಳ ಮನಸ್ಸು ತೂಗುತ್ತಿತ್ತು.

"ಅತ್ತಿಗೆ, ಇದರ ಎಂಬತ್ತೈದನೆಯ ಪುಟ ಸ್ವಲ್ಪ ಓದಿ."

ತರಕಾರಿ ಹೆಚ್ಚುತ್ತಿದ್ದ ಅತ್ತಿಗೆ ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡಳು. ಆಮೇಲೆ ಸದ್ದಿಲ್ಲ. ಎರಡು ನಿಮಿಷ ದಾಟಿತು.

"ಮರ, ಗಿಡ ಅಂತ ಏನೋ ಬರೆದಿದ್ದಾನೆ ಕಣೆ. ಓದೋಕೇನೂ ಇಲ್ಲ."

"ಇಷ್ಟು ಹೊತ್ತು ಮರ ನೋಡ್ತಾ ಇದ್ರಾ?"

"ನನ್ನ ಕನ್ನಡಕ ಸರಿಯಿಲ್ಲ. ನಿನ್ನ ಪೊಲೀಸ್‌ಗಿರಿ ಆಫೀಸಲ್ಲಿ ಇಟ್ಕೋ."

ಚಾಕು ಮತ್ತೆ ಮಣೆಯ ಮೇಲೆ ಟಕಟಕ ಎನ್ನತೊಡಗಿತು, ಮೊದಲಿಗಿಂತ ಜೋರಾಗಿ. ಆಪರೇಟರಕ್ಕನಿಗೆ ಊಟದ ರುಚಿಯೇ ಹತ್ತಲಿಲ್ಲ. ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಇಬ್ಬರು ಹೆಂಗಸರು ಒಂದೇ ಪುಟವನ್ನು ಮುಚ್ಚಿಟ್ಟಿದ್ದರು. ಟೀಚರ್ ನಾಳೆ ಬಿಟ್ಟು ಹೋದಾಳು. ಆದರೆ ತಾನು ದಿನಾ ನುಂಗುವ ಮಾತ್ರೆಯ ಹೆಸರು ಓದುವುದು ಅತ್ತಿಗೆಯ ಕಣ್ಣು. ಅದನ್ನು ನಂಬಲಾಗದಿದ್ದರೆ ಬದುಕುವುದು ಹೇಗೆ?

ಮರುದಿನ ಅವಳು ಟೀಚರ್ ಮುಂದೆ ಒಂದು ಹಸಿ ಸುಳ್ಳು ಹೇಳಿದಳು. "ಅತ್ತಿಗೆ ಎಂಬತ್ತೈದು ಓದಿ ಹೇಳಿದ್ರು."

ಟೀಚರ್ ಉಸಿರು ಎಳೆದುಕೊಂಡದ್ದು ಕೇಳಿಸಿತು. "ಓದಿಬಿಟ್ರಾ? ನೀವು ಬೇಜಾರು ಮಾಡ್ಕೋಬಾರದು ಅಕ್ಕಾ. ಇದನ್ನ ಕೇಳೋರೆಲ್ಲಾ ನಿಮ್ಮಂಥವರು. ನನ್ನ ಬಾಯಿಂದ ಹೇಗೆ ಹೇಳಲಿ ಅಂತ ಬಿಟ್ಟೆ."

"ಕಣ್ಣಿಲ್ಲ ಅಂತ ನಮಗೆ ಅರ್ಧ ಪುಸ್ತಕ ಕೊಡ್ತೀರಾ? ಮೈಕ್ ಹಾಕಿ. ಒಂದಕ್ಷರ ಬಿಡದೆ ಓದಿ."

ಟೀಚರ್ ಓದಿದಳು. ಮೊದಲ ಸಾಲುಗಳಲ್ಲಿ ದನಿ ಎಡವಿತು, ಮತ್ತೆ ಸರಿಹೋಯಿತು. ಎರಡೂವರೆ ನಿಮಿಷ.

ಆ ಸಂಜೆ ಆಪರೇಟರಕ್ಕ ಅಡುಗೆಮನೆಯ ಕಟ್ಟೆಯ ಮೇಲೆ ಪ್ಲೇಯರ್ ಇಟ್ಟು ಗುಂಡಿ ಒತ್ತಿದಳು. ಅತ್ತಿಗೆ ಬೆನ್ನು ತಿರುಗಿಸಿಕೊಂಡು ಹೆಚ್ಚುತ್ತಿದ್ದಳು.

ಕಥೆಯ ಗೃಹಿಣಿ ತನ್ನ ಕುರುಡಿ ನಾದಿನಿಯ ಹಾಸಿಗೆ ಝಾಡಿಸುತ್ತಾ ಯೋಚಿಸುತ್ತಾಳೆ: *ಕಣ್ಣೇ ಇಲ್ಲದವಳಿಗೆ ಕಿಟಕಿಯ ಕೋಣೆ ಯಾಕೆ? ಇವಳು ಕಣ್ಮುಚ್ಚಿದರೆ ನನ್ನ ಮಂಚ ಇಲ್ಲಿಗೆ ಬರುತ್ತದೆ. ಬೆಳಗಿನ ಬಿಸಿಲು ನನ್ನ ಕಾಲಿಗೆ ಬೀಳುತ್ತದೆ.*

ಚಾಕು ನಿಂತಿತು.

ಈ ಮನೆಯಲ್ಲೂ ಕಿಟಕಿಯ ಕೋಣೆ ಆಪರೇಟರಕ್ಕನದೇ. ಅತ್ತಿಗೆ ಮಲಗುವುದು ಹಾಲ್‌ನಲ್ಲಿ, ಗೋಡೆಯ ಬದಿಗೆ.

ಪುಟ ಮುಗಿಯಿತು. ಆಪರೇಟರಕ್ಕ ಪ್ಲೇಯರ್ ನಿಲ್ಲಿಸಿ ಕಾದಳು. ಈಗ ಮರಗಿಡದ ಮಾತು ಬಂದರೆ, ನಾಳೆಯಿಂದ ಮಾತ್ರೆಯ ಡಬ್ಬಿಯನ್ನು ಪಕ್ಕದ ಮನೆಗೆ ಒಯ್ದು ಓದಿಸುವುದೆಂದು ನಿಶ್ಚಯಿಸಿಕೊಂಡಿದ್ದಳು.

"ನನಗೂ ಹಾಗನ್ನಿಸಿತ್ತು," ಎಂದಳು ಅತ್ತಿಗೆ. "ಅದಕ್ಕೇ ಓದೋಕೆ ಬಾಯಿ ಬರಲಿಲ್ಲ."

"ಒಂದೇ ಸಲಾನಾ?"

"ಲೆಕ್ಕ ಇಟ್ಟಿಲ್ಲ. ಮಂಡಿ ನೋವು ಬಂದಾಗೆಲ್ಲಾ."

ಆಪರೇಟರಕ್ಕನಿಗೆ ಎದೆಯಲ್ಲಿ ಚುಚ್ಚಿದ್ದೇನೋ ನಿಜ. ಆದರೂ ಆರು ವರ್ಷದಲ್ಲಿ ಅವಳು ಹಿಂದೆ ಮುಂದೆ ತೂಗದೆ ನಂಬಿದ ಮೊದಲ ಮಾತು ಅದು.

"ಬಾಯಿ ಬಿಟ್ಟು ಕೇಳೋಕೇನಾಗಿತ್ತು?"

"ಕೇಳಿದ್ರೆ ಕೊಡ್ತಿದ್ಯಾ?"

"ಗೊತ್ತಿಲ್ಲ," ಎಂದಳು ಆಪರೇಟರಕ್ಕ, ಅದೂ ನಿಜವಾದ್ದರಿಂದ. "ಮಾತ್ರೆ ಡಬ್ಬಿ ತರ್ತೀನಿ, ಓದಿ. ಆಮೇಲೆ ನಿಮ್ಮ ಮಂಚ ಕಿಟಕಿ ಹತ್ತಿರ ಎಳೆಯೋದು ಹೇಗೆ ನೋಡೋಣ."