ಬೆನ್ನು ತಿರುಗಿಸಿ ಕೇಳಿದ್ದು

"ಇನ್ನೊಂದು ಸಲ ಹಾಕು, ಆ ಕಡೇ ಭಾಗ," ಅಂದಳು ಹೆಡ್ವಿಗ್, ಗೋಡೆಗೆ ಮುಖ ಮಾಡಿಕೊಂಡೇ.

ಗಂಡ ಓಟ್ಮಾರ್ ರೆಕಾರ್ಡ್ ಪ್ಲೇಯರಿನ ಸೂಜಿ ಎತ್ತಿ ಹಿಂದಕ್ಕಿಟ್ಟ. ವಿಯೆನ್ನಾದ ಆ ಪುಟ್ಟ ಮನೆಯಲ್ಲಿ ಭಾನುವಾರ ಊಟವಾದ ಮೇಲೆ ಇದೇ ಆಟ. ಬ್ರಾಮ್ಸ್‌ನ ನಾಲ್ಕನೇ ಸಿಂಫನಿ, ಒಂದೊಂದು ರೆಕಾರ್ಡಿನಲ್ಲಿ ವಾದ್ಯವೃಂದ ನಡೆಸುವ ಒಬ್ಬೊಬ್ಬ ನಿರ್ದೇಶಕ. ಅವನು ಕವರು ಬಚ್ಚಿಟ್ಟು ಹಾಕಬೇಕು, ಅವಳು ಬೆನ್ನು ತಿರುಗಿಸಿ ಕೂತು ನಿರ್ದೇಶಕ ಯಾರೆಂದು ಹೇಳಬೇಕು. ಮಹಾರಾಯ್ತಿ ಸೋತದ್ದೇ ಇಲ್ಲ.

"ಮೊದಲನೆಯವನು ಟ್ರಾಮ್ ತಪ್ಪಿಹೋಗುತ್ತೆ ಅನ್ನೋ ಹಾಗೆ ಓಡಿಸ್ತಾನೆ. ಎರಡನೆಯವನು ಬರೀ ಸಕ್ಕರೆ ಸುರೀತಾನೆ. ಇದು ಹಳೇದು, ಗರಗರ ಅಂತಿದೆ, ಆದ್ರೂ ಇದೇ ಎಲ್ಲಕ್ಕಿಂತ ಮೇಲು. ಸೋತೆ ಕಣೋ, ಯಾರು ಹೇಳು."

ಓಟ್ಮಾರ್ ಕವರನ್ನು ಬೆನ್ನ ಹಿಂದೆ ಸರಿಸಿದ. ಅವಳು ತಿರುಗಿ ಕವರು ಕಿತ್ತುಕೊಂಡಳು. ಗ್ರೈನ್‌ಹೋಫರ್.

ಆ ಹೆಸರನ್ನು ಆ ಮನೆಯಲ್ಲಿ ಎತ್ತುವ ಹಾಗೇ ಇರಲಿಲ್ಲ. ಅವಳಪ್ಪ ಅವನ ವಾದ್ಯವೃಂದದಲ್ಲೇ ಪಿಟೀಲಿನ ಅಣ್ಣನಂಥ ವಿಯೋಲಾ ನುಡಿಸುತ್ತಿದ್ದ. ನಾಜಿಗಳು ಬಂದ ವರ್ಷ, ಯಹೂದಿ ಅನ್ನುವ ಒಂದೇ ಕಾರಣಕ್ಕೆ ಅವನನ್ನು ವಾದ್ಯವೃಂದದಿಂದ ಆಚೆ ಹಾಕಿದವನು ಈ ಗ್ರೈನ್‌ಹೋಫರ್. ಆಮೇಲೆ ಅಪ್ಪನನ್ನು ರೈಲಿಗೆ ತುಂಬಿದರು, ಅಪ್ಪ ವಾಪಸು ಬರಲಿಲ್ಲ. ಇವನಿಗೆ ಮಾತ್ರ ಯುದ್ಧ ಮುಗಿದ ಮೇಲೂ ಹಾರ, ತುರಾಯಿ, ಪದಕ. ಥೂ!

"ತಲೆ ಕೆಟ್ಟಿದೆಯೇನೋ ನಿಂಗೆ? ನನ್ನ ಬಾಯಿಂದಲೇ ಅವನನ್ನ ಹೊಗಳಿಸಿದೆಯಲ್ಲೋ!"

"ಹೆಡಿ, ಕೇಳಿಲ್ಲಿ. ಇದು ಅದಕ್ಕೆಲ್ಲ ಮುಂಚೆ ನುಡಿಸಿದ್ದು, ಈಗ ಹೊಸ ರೆಕಾರ್ಡಿಗೆ ಇಳಿಸಿದಾರೆ. ನಿಮ್ಮಪ್ಪ ಇದರಲ್ಲಿ ನುಡಿಸಿದಾರೆ."

"ಅಪ್ಪನ್ನ ಕೇಳಿಸೋಕೆ ಆ ಪಾಪೀನ ಮನೆಗೆ ಕರ್ಕೊಂಡು ಬಂದ್ಯಾ? ಮೊದಲೇ ಹೇಳೋಕೆ ಏನು ರೋಗ ನಿಂಗೆ?"

"ಹೇಳಿದ್ರೆ ನೀನು ಕೇಳ್ತಿರಲಿಲ್ಲ."

"ಹೌದು, ಕೇಳ್ತಿರಲಿಲ್ಲ! ಅದು ನನ್ನಿಷ್ಟ!"

ತಿರುಗುತ್ತಿದ್ದ ರೆಕಾರ್ಡನ್ನು ಎಳೆದು ಮೊಣಕಾಲಿಗೆ ಒತ್ತಿದಳು. ಅದು ಬಾಗಿತು. ಇನ್ನೊಂದು ಚೂರು ಒತ್ತಿದ್ದರೆ ಸಾಕಿತ್ತು. ಓಟ್ಮಾರ್ ತಡೆಯಲು ಹೋಗಲಿಲ್ಲ. ಕಡೆಗೆ ಅವಳೇ ಅದನ್ನು ವಾಪಸು ಇಟ್ಟು, ಸೂಜಿ ಇಳಿಸಿ, ಸ್ಪೀಕರಿನ ಬಟ್ಟೆಗೆ ಕಿವಿ ಆನಿಸಿ ನೆಲದ ಮೇಲೆ ಕೂತಳು.

"ವಿಯೋಲಾ ಎಷ್ಟು ಜನ?"

"ಹತ್ತೋ ಹನ್ನೆರಡೋ."

"ಅದರಲ್ಲಿ ಅಪ್ಪಂದು ಯಾವುದು?"

ಅವಳು ಕಣ್ಣು ಮುಚ್ಚಿ ಕೇಳಿದಳು, ಕೇಳಿದಳು, ಆಮೇಲೆ ಸ್ಪೀಕರಿಗೆ ಮುಷ್ಟಿಯಿಂದ ಗುದ್ದಿದಳು.

"ಒಬ್ಬರ ದನೀನೂ ಬೇರೆಯಾಗಿ ಕೇಳಿಸದ ಹಾಗೆ ಬೆರೆಸಿಬಿಟ್ಟಿದಾನೆ, ಹಾಳಾದವನು!"

ಓಟ್ಮಾರ್ ಸೂಜಿ ಎತ್ತಲು ಬಗ್ಗಿದ. ಅವಳು ಅವನ ಕೈ ತಳ್ಳಿದಳು, ಕಿವಿ ಮಾತ್ರ ತೆಗೆಯಲಿಲ್ಲ.